ಮೊದಲ ಕೇಳುಗರು ಕೆರೆಯ ದಡದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಅಂಡ್ ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ ಬೆಳಿಗ್ಗೆ ಓಪಿಡಿ ಚೀಟಿಗೆ ನಿಲ್ಲುವ ಸಾಲಿನಲ್ಲಿ ದಖನಿ ಉರ್ದು, ತಮಿಳು, ಕನ್ನಡ, ತೆಲುಗು ಒಂದರ ಬೆನ್ನಿಗೊಂದು ಕಿವಿಗೆ ಬೀಳುತ್ತವೆ. ಆಸ್ಪತ್ರೆಗೆ ಹೊಂದಿಕೊಂಡಿರುವ ಶ್ರೀ ಅಟಲ್ ಬಿಹಾರಿ ವಾಜಪೇಯಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆಯ ಎಂಬಿಬಿಎಸ್ ವಿದ್ಯಾರ್ಥಿಯೊಬ್ಬಳು ಪುಟ್ಟದೊಂದು ಸಂಶೋಧನೆ ಕೈಗೆತ್ತಿಕೊಂಡರೆ ಅವಳಿಗೆ ಬೇಕಾದ ಮಾಹಿತಿ ಬಹುಮಟ್ಟಿಗೆ ಸಿಗುವುದು ಇಂಥ ಸಾಲಿನಲ್ಲಿ ನಿಂತವರಿಂದಲೇ. ಕೇಳುವುದು ಅವರ ಮಾತಿನಲ್ಲಿ, ನಮೂನೆಯಲ್ಲಿ ತುಂಬಿಕೊಳ್ಳುವುದು ಇಂಗ್ಲಿಷಿನಲ್ಲಿ. ಕೆಲವು ತಿಂಗಳ ಬಳಿಕ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮಾವೇಶದಲ್ಲಿ ಹತ್ತು ನಿಮಿಷ ನಿಂತು ಹೇಳುವುದೂ ಇಂಗ್ಲಿಷಿನಲ್ಲೇ. ಒಬ್ಬ ಹೆಣ್ಣುಮಗಳು ಕೈಯಲ್ಲಿ ಚೀಟಿ ಹಿಡಿದು ಹೇಳಿದ ಮಾತು ವೇದಿಕೆಯ ಪರದೆಯ ಮೇಲೆ ಶೇಕಡಾವಾರು ಅಂಕಿಯಾಗಿ ಮೂಡುವ ಹೊತ್ತಿಗೆ ಅದರಲ್ಲಿ ಏನು ಉಳಿದಿರುತ್ತದೆ, ಏನು ಸೋರಿಹೋಗಿರುತ್ತದೆ ಎಂಬುದನ್ನು ಯಾರೂ ಹಿಂದಿರುಗಿ ನೋಡುವುದಿಲ್ಲ. ಇಂಥ ಸಮಾವೇಶಕ್ಕೆ ಸಿದ್ಧವಾಗುವ ವಿದ್ಯಾರ್ಥಿ ಮಾಡಬೇಕಾದ ಮೊದಲ ಕೆಲಸ ಆ ಹಿಂದಿರುಗಿ ನೋಡುವುದು ಎಂಬುದು ಈ ಲೇಖನದ ವಾದ. ಸ್ಲೈಡುಗಳನ್ನು ತೆರೆಯುವ ಮೊದಲು ತಾನು ಕಂಡುಕೊಂಡದ್ದನ್ನು, ಮಾಹಿತಿ ಬಂದ ಭಾಷೆಯಲ್ಲಿ, ಆ ವಿಷಯದ ಪಾಠ ಓದಿಲ್ಲದ ಒಬ್ಬರಿಗೆ ಹೇಳಿ, ಅವರು ಕೇಳುವ ಪ್ರಶ್ನೆಗೆ ನಿಲ್ಲಬೇಕು.

ಈಗ ನಡೆಯುವ ಸಿದ್ಧತೆಯ ಕ್ರಮ ಬೇರೆ. ಅಬ್‌ಸ್ಟ್ರಾಕ್ಟ್ ಸ್ವೀಕೃತವಾಯಿತೆಂಬ ಮಿಂಚಂಚೆ ಬಂದ ದಿನದಿಂದ ಓಟ ಶುರು. ಕಾಲೇಜಿನ ಲಾಂಛನ ಯಾವ ಮೂಲೆಗೆ, ಹಿನ್ನೆಲೆ ನೀಲಿಯೋ ಬಿಳಿಯೋ, ಪೈ ಚಾರ್ಟೋ ಬಾರ್ ಚಾರ್ಟೋ ಎಂಬುದರಲ್ಲಿ ವಾರ ಕಳೆಯುತ್ತದೆ. ಆಮೇಲೆ ಗೈಡ್ ಒಮ್ಮೆ ನೋಡಿ ಎರಡು ಸ್ಲೈಡ್ ತೆಗೆಸುತ್ತಾರೆ, ಮೂರು ಸೇರಿಸುತ್ತಾರೆ. ಕೊನೆಯ ದಿನಗಳು ಬಾಯಿಪಾಠಕ್ಕೆ. ಗೆಳೆಯರ ಮುಂದೆ ಒಂದೆರಡು ಸಲ ಹೇಳಿ ನೋಡುವುದುಂಟು; ಅವರು ನೋಡುವುದು ಸಮಯ ಮೀರಿತೇ, ಉಚ್ಚಾರ ಸರಿಯೇ ಎಂಬುದನ್ನು. ಇದರಲ್ಲಿ ವಿದ್ಯಾರ್ಥಿಗಳನ್ನು ದೂರುವಂಥದ್ದೇನೂ ಇಲ್ಲ. ಸಭೆಯಲ್ಲಿ ಎದ್ದು ಕಾಣುವುದು ಸ್ಲೈಡು, ಕೇಳಿಸುವುದು ಉಚ್ಚಾರ, ತೀರ್ಪುಗಾರರ ಅಂಕಪಟ್ಟಿಯಲ್ಲಿ ಎರಡಕ್ಕೂ ಪ್ರತ್ಯೇಕ ಕಲಂ ಇರುತ್ತದೆ. ಕಾಣುವುದನ್ನು ಚೆಂದ ಮಾಡಿಕೊಳ್ಳುವುದು ಸಹಜ. ಆದರೆ ಹೀಗೆ ಸಿದ್ಧವಾದ ವಿದ್ಯಾರ್ಥಿ ಹತ್ತು ನಿಮಿಷ ಒಂದೂ ತಡವರಿಕೆಯಿಲ್ಲದೆ ಮಾತಾಡಿ, "ನೀವು ಈ ಐವತ್ತು ಜನರನ್ನೇ ಯಾಕೆ ಆರಿಸಿದಿರಿ?" ಎಂಬ ಸರಳ ಪ್ರಶ್ನೆಗೆ ಗೈಡ್ ಕಡೆ ತಿರುಗಿ ನೋಡುವ ಪ್ರಸಂಗ ಸಭೆಗಳಲ್ಲಿ ಅಪರೂಪವಲ್ಲ. ಬಾಯಿಪಾಠ ಹತ್ತು ನಿಮಿಷವನ್ನು ದಾಟಿಸುತ್ತದೆ. ಅದರಾಚೆಗೆ ಪ್ರಶ್ನೆಗಳಿಗೆಂದು ಬರುವ ಎರಡು ನಿಮಿಷಕ್ಕೆ ಅದು ಒದಗುವುದಿಲ್ಲ.

ಅರ್ಥವಾಗಿದೆ ಎಂದುಕೊಳ್ಳುವುದಕ್ಕೂ ಅರ್ಥವಾಗಿರುವುದಕ್ಕೂ ಎಷ್ಟು ಅಂತರವಿರುತ್ತದೆ ಎಂಬುದನ್ನು ಅಳೆದ ಪ್ರಯೋಗಗಳಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಹೆಸರಾದದ್ದು. ಜಿಪ್, ಬೀಗ, ಶೌಚಾಲಯದ ಫ್ಲಶ್, ಹೊಲಿಗೆ ಯಂತ್ರ ಮುಂತಾದವು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು ಎಂದು ಜನರನ್ನು ಕೇಳಿ, ಒಂದರಿಂದ ಏಳರವರೆಗೆ ಅಂಕ ಹಾಕಿಕೊಳ್ಳಲು ಹೇಳಿದರು. ಬಳಿಕ ಅವುಗಳಲ್ಲಿ ಕೆಲವನ್ನು ಹಂತಹಂತವಾಗಿ, ಯಾವುದರಿಂದ ಯಾವುದು ಆಗುತ್ತದೆ ಎಂದು ಬಿಡಿಸಿ ಬರೆಯಿರಿ ಎಂದರು. ಬರೆದ ಮೇಲೆ ಮತ್ತೆ ಅಂಕ ಹಾಕಿಕೊಳ್ಳುವಾಗ ಅದೇ ಜನ ತಮಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡರು. ಬಿಡಿ ಸಂಗತಿಗಳ ವಿಷಯದಲ್ಲಿ, ಅಂದರೆ ಇಂಥ ದೇಶದ ರಾಜಧಾನಿ ಯಾವುದು ಎಂಬಂಥದರಲ್ಲಿ, ಈ ಭ್ರಮೆ ಅಷ್ಟಾಗಿ ಕಾಣಲಿಲ್ಲ; ಕಾರಣ ಕಾರ್ಯಗಳ ಸರಪಳಿಯನ್ನು ಬಿಡಿಸುವಲ್ಲಿ ಅದು ಬಲವಾಗಿತ್ತು. ಸಂಶೋಧನೆ ಎಂಬುದು ಪೂರ್ತಿ ಇಂಥ ಸರಪಳಿಯೇ ತಾನೆ. ಇದಕ್ಕೂ ಮೊದಲು, 1989ರಲ್ಲಿ, ಮಿಷೆಲೀನ್ ಚೀ ಮತ್ತು ಸಂಗಡಿಗರು ಭೌತವಿಜ್ಞಾನದ ಲೆಕ್ಕಗಳನ್ನು ಓದುವ ವಿದ್ಯಾರ್ಥಿಗಳು ತಮಗೆ ತಾವೇ ಹೇಳಿಕೊಳ್ಳುವ ಮಾತುಗಳನ್ನು ದಾಖಲಿಸಿದ್ದರು. ಚೆನ್ನಾಗಿ ಕಲಿತವರು ಹೆಚ್ಚು ವಿವರಿಸಿಕೊಂಡರು, ಜೊತೆಗೆ "ಇದು ನನಗೆ ತಿಳಿಯಲಿಲ್ಲ" ಎಂಬುದನ್ನೂ ಹೆಚ್ಚು ಸರಿಯಾಗಿ ಗುರುತಿಸಿಕೊಂಡರು. ಹಿಂದುಳಿದವರಿಗೆ ಎಲ್ಲವೂ ತಿಳಿದಂತೆಯೇ ಅನಿಸಿತ್ತು. ಸ್ಲೈಡು ಮಾಡುವ ಕೆಲಸದಲ್ಲಿ ಈ ಕೊರತೆ ಎಂದೂ ಹೊರಬೀಳುವುದಿಲ್ಲ. ಎರಡು ಚೌಕಗಳ ನಡುವೆ ಒಂದು ಬಾಣದ ಗುರುತು ಎಳೆದರೆ ಸಾಕು, ಸಂಬಂಧ ಸಿದ್ಧವಾಯಿತು ಎಂಬ ಸಮಾಧಾನ ಬಂದುಬಿಡುತ್ತದೆ. ಬಾಯಿಬಿಟ್ಟು ಹೇಳುವಾಗ ಆ ಬಾಣಕ್ಕೆ ಬದಲಾಗಿ ಒಂದು ಪೂರ್ಣ ವಾಕ್ಯ ಬೇಕಾಗುತ್ತದೆ.

ಆ ವಾಕ್ಯವನ್ನು ಯಾರ ಮುಂದೆ ಹೇಳಬೇಕು ಎಂಬುದು ಮುಖ್ಯ. ಹಲಸೂರು ಕೆರೆಯನ್ನೇ ತೆಗೆದುಕೊಳ್ಳೋಣ. 2016ರ ಮಾರ್ಚ್‌ನಲ್ಲಿ ಆ ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೆರೆಯ ಹತ್ತಿರವೇ, 1873ರಲ್ಲಿ ಶುರುವಾದ ಆರ್‌ಬಿಎಎನ್‌ಎಂ ವಿದ್ಯಾದತ್ತಿಯ ಕಾಲೇಜಿದೆ. ಈ ಭಾಗದ ಯಾವುದೇ ಪದವಿ ಕಾಲೇಜಿನ ವಿದ್ಯಾರ್ಥಿಗೆ ಕೆರೆನೀರಿನ ಅಧ್ಯಯನ ಕೈಗೆಟಕುವ, ಒಳ್ಳೆಯ ವಿಷಯ. ಒಬ್ಬ ವಿದ್ಯಾರ್ಥಿ ಆರು ವಾರ, ವಾರಕ್ಕೆರಡು ಸಲ ನೀರು ತಂದು ಅದರಲ್ಲಿ ಕರಗಿರುವ ಆಮ್ಲಜನಕವನ್ನು ಅಳೆದನೆಂದು ಇಟ್ಟುಕೊಳ್ಳೋಣ. ಅಂಕಿಗಳು ಚೆನ್ನಾಗಿವೆ, ಮೀನು ಬದುಕಲು ಬೇಕಾದಷ್ಟು ಆಮ್ಲಜನಕ ನೀರಿನಲ್ಲಿದೆ ಎಂದು ಸ್ಲೈಡು ಹೇಳುತ್ತದೆ. ಪ್ರಯೋಗಾಲಯದ ಕ್ರಮದಲ್ಲಿ ತಪ್ಪಿಲ್ಲ, ಗ್ರಾಫ್ ಸುಂದರವಾಗಿದೆ, ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಇದನ್ನೇ ಅವನು ಕೆರೆಯಲ್ಲಿ ಮೀನು ಹಿಡಿದು ಬದುಕುವ ಒಬ್ಬರಿಗೆ ಕನ್ನಡದಲ್ಲೋ ತಮಿಳಿನಲ್ಲೋ ಹೇಳಿದರೆ ಅವರು ಕೇಳುವ ಮೊದಲ ಪ್ರಶ್ನೆ ಬಹುಶಃ ಇದು: "ನೀರು ಎಷ್ಟು ಹೊತ್ತಿಗೆ ತಗೊಂಡ್ರಿ?" ತರಗತಿಗಳ ನಡುವೆ ಬಿಡುವಾದಾಗ, ಹನ್ನೊಂದು ಗಂಟೆಗೋ ಮಧ್ಯಾಹ್ನ ಮೂರಕ್ಕೋ. ಹಗಲಲ್ಲಿ ಪಾಚಿ ಮತ್ತು ನೀರಿನ ಗಿಡಗಳು ಬಿಸಿಲಲ್ಲಿ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿ ಆ ಪೂರೈಕೆ ನಿಲ್ಲುತ್ತದೆ. ಅವೇ ಪಾಚಿಗಳೂ ಮೀನುಗಳೂ ಚರಂಡಿ ನೀರಿನ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳೂ ಇದ್ದ ಆಮ್ಲಜನಕವನ್ನು ಬಳಸುತ್ತ ಹೋಗುತ್ತವೆ. ಕೊರತೆ ತುತ್ತತುದಿಗೆ ಮುಟ್ಟುವುದು ಸೂರ್ಯ ಹುಟ್ಟುವ ಸ್ವಲ್ಪ ಮೊದಲು. ಮೀನುಗಳು ಮೇಲೆ ಬಂದು ಬಾಯಿ ಬಿಡುವುದೂ ಆ ಹೊತ್ತಿನಲ್ಲೇ, ಅದನ್ನು ಕಂಡಿರುವವರು ನಸುಕಿನಲ್ಲಿ ಬಲೆ ಹಿಡಿದು ಹೋಗುವವರು. ವಿದ್ಯಾರ್ಥಿಯ ಅಂಕಿಗಳೆಲ್ಲ ನಿಜ, ಅವನು ತಲುಪಿದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಸಮಾವೇಶಕ್ಕೆ ಮೂರು ವಾರ ಮೊದಲೇ ಈ ಪ್ರಶ್ನೆ ಸಿಕ್ಕಿದ್ದರೆ ನಾಲ್ಕು ಬೆಳಗಿನ ಜಾವ ನೀರು ತೆಗೆದು ಕೆಲಸವನ್ನು ಉಳಿಸಿಕೊಳ್ಳಬಹುದಿತ್ತು. ಅಷ್ಟಕ್ಕೂ ಸಮಯವಿಲ್ಲದಿದ್ದರೆ, ಇದು ಹಗಲಿನ ನೀರಿನ ಅಳತೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಬಹುದಿತ್ತು.

ಬೌರಿಂಗ್ ಆಸ್ಪತ್ರೆಯ ಉದಾಹರಣೆಗೆ ಮರಳೋಣ. ಗರ್ಭಿಣಿಯರಿಗೆ ಸರ್ಕಾರ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ದಿನಕ್ಕೊಂದರಂತೆ 180 ದಿನಗಳಿಗೆ ಕೊಡುತ್ತದೆ. ಎಷ್ಟು ಜನ ಅವನ್ನು ತಪ್ಪದೆ ನುಂಗುತ್ತಾರೆ ಎಂಬುದು ಎಂಬಿಬಿಎಸ್ ವಿದ್ಯಾರ್ಥಿಗಳು ಎತ್ತಿಕೊಳ್ಳಬಹುದಾದ ಪ್ರಶ್ನೆ. ಐವತ್ತು ಜನರನ್ನು ಕೇಳಿ, ಇಪ್ಪತ್ತು ಜನ ಆಗಾಗ ಬಿಡುತ್ತೇವೆ ಎಂದರೆ ಸ್ಲೈಡಿನಲ್ಲಿ ಶೇ 40 ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಇಷ್ಟು ಸಣ್ಣ ಗುಂಪಿನಿಂದ ಬಂದ ಈ ಅಂಕಿಯ ಹಿಂದಿನ ನಿಜಸ್ಥಿತಿ ಸುಮಾರು ಶೇ 26ರಿಂದ 54ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂಬುದು ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕ. ಅದನ್ನು ತೀರ್ಪುಗಾರರು ಕೇಳಿಯಾರು. ಆದರೆ ಮನೆಯಲ್ಲಿ ಅತ್ತೆಯೋ ಚಿಕ್ಕಮ್ಮನೋ ಕೇಳುವುದು ಬೇರೆಯದೇ: "ಡಾಕ್ಟರ ಕೋಟು ಹಾಕ್ಕೊಂಡು ಕೇಳಿದ್ರೆ ಮಾತ್ರೆ ನುಂಗಲ್ಲ ಅಂತ ಯಾರಾದ್ರೂ ಹೇಳ್ತಾರೇನೇ?" ಇದು ನೇರವಾಗಿ ಅಧ್ಯಯನದ ಬುಡಕ್ಕೇ ಹೋಗುವ ಪ್ರಶ್ನೆ. ಉಳಿದ ಮಾತ್ರೆಗಳನ್ನು ಎಣಿಸಿದಿರಾ, ಬರಿ ಬಾಯಿಮಾತು ಕೇಳಿದಿರಾ? ಕೇಳಿದ್ದು ಯಾವ ಭಾಷೆಯಲ್ಲಿ, ಪಕ್ಕದಲ್ಲಿ ಗಂಡ ನಿಂತಿದ್ದನೇ? ಬೆಳಿಗ್ಗೆ ಆಸ್ಪತ್ರೆಗೆ ಬರಲಾಗದವರು, ದಿನಗೂಲಿ ಬಿಟ್ಟರೆ ಅಂದಿನ ಒಲೆ ಉರಿಯದವರು, ಈ ಐವತ್ತರಲ್ಲಿ ಎಷ್ಟು ಜನ? ಪದವಿ ಮಟ್ಟದ ಸಂಶೋಧನೆಯ ಬಹುಪಾಲು ದೋಷಗಳು ಇಂಥ ಕಡೆಗಳಲ್ಲಿ ಇರುತ್ತವೆ. ಅವನ್ನು ಕಾಣಲು ಬೇಕಿರುವುದು ಆ ಬದುಕಿನ ಪರಿಚಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ, ಅಧ್ಯಯನದ ಮಾಹಿತಿಯನ್ನು ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ. ಅಂದರೆ ಕೆಲಸದ ಮೊದಲ ದಿನ ವಿದ್ಯಾರ್ಥಿ ತನ್ನ ಅಧ್ಯಯನ ಯಾಕೆ, ಹೇಗೆ ಎಂಬುದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಲೇಬೇಕಾಗಿತ್ತು. ಮೊದಲ ದಿನ ಕಡ್ಡಾಯವಾಗಿದ್ದ ಆ ಕೆಲಸವನ್ನು ಕೊನೆಯಲ್ಲಿ ಇನ್ನೊಮ್ಮೆ ಮಾಡಿ, ಆಗ ಕೇಳಿದ್ದಕ್ಕೆ ಈಗ ಸಿಕ್ಕ ಉತ್ತರವಿದು ಎನ್ನುವುದರಲ್ಲಿ ಹೊರೆಯೇನಿದೆ?

ಪದವಿ ಓದುವ ಮಕ್ಕಳ ಸಂಶೋಧನೆಗೆ ಇಷ್ಟೆಲ್ಲ ತೂಕ ಕೊಡುವುದು ಅತಿಯಾಯಿತು, ಎರಡು ತಿಂಗಳಲ್ಲಿ ಅವರು ಹೊಸದೇನು ಕಂಡಾರು ಎಂಬ ಮಾತು ಅಧ್ಯಾಪಕರಿಂದಲೇ ಬರುತ್ತದೆ. ಈ ಮಾತಿಗೆ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲೇ ಒಂದು ಉತ್ತರವಿದೆ. 1883ರಲ್ಲಿ ಇಪ್ಪತ್ತಾರು ವರ್ಷದ ರೊನಾಲ್ಡ್ ರಾಸ್ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ಸರ್ಜನ್ ಆಗಿದ್ದರು. ತಮ್ಮ ಬಂಗಲೆಯಲ್ಲಿ ಸೊಳ್ಳೆ ಹೆಚ್ಚಿದ್ದನ್ನು ಕಂಡು ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿಯಲ್ಲಿ ಮರಿಹುಳುಗಳು ಸಿಕ್ಕವು. ತೊಟ್ಟಿ ಬರಿದು ಮಾಡಿದರು, ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನಲ್ಲೂ ಹೀಗೆ ಮಾಡೋಣ ಎಂದಾಗ ಅಲ್ಲಿನ ಅಧಿಕಾರಿ, ಅದು ಪ್ರಕೃತಿಯ ನಿಯಮಕ್ಕೆ ಅಡ್ಡ ಬಂದಂತಾಗುತ್ತದೆ ಎಂದು ಒಪ್ಪಲಿಲ್ಲವಂತೆ. ರಾಸ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದಿದ್ದಾರೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವರು ಕಂಡದ್ದು ಹದಿನಾಲ್ಕು ವರ್ಷ ಕಳೆದು, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ನೊಬೆಲ್ ಬಂದದ್ದು 1902ರಲ್ಲಿ. ಬೆಂಗಳೂರಿನ ತೊಟ್ಟಿಯ ಗಮನಿಕೆ ಇಂದಿನ ಯಾವುದೇ ಎರಡನೇ ವರ್ಷದ ವಿದ್ಯಾರ್ಥಿ ಮಾಡಬಹುದಾದಷ್ಟು ಸಣ್ಣದು: ಒಂದು ಸಂಗತಿ ಕಂಡಿತು, ಒಂದನ್ನು ಬದಲಿಸಿದ್ದಾಯಿತು, ಫಲ ನೋಡಿದ್ದಾಯಿತು. ಇದನ್ನೇ ಇಂದು ಸಮಾವೇಶದಲ್ಲಿ ಮಂಡಿಸಿದರೆ ಕೇಳಬೇಕಾದ ಪ್ರಶ್ನೆಗಳೂ ಅಷ್ಟೇ ಸ್ಪಷ್ಟ. ಆ ವಾರ ಮಳೆ ಬಿಡುವು ಕೊಟ್ಟಿತ್ತೇ? ಪಕ್ಕದ ಬಂಗಲೆಯಲ್ಲಿ, ತೊಟ್ಟಿ ಹಾಗೇ ಇದ್ದಲ್ಲಿ, ಸೊಳ್ಳೆ ಎಷ್ಟಿತ್ತು? ಸೊಳ್ಳೆ ಕಡಿಮೆಯಾಯಿತು ಎಂಬುದನ್ನು ಅಳೆದದ್ದು ಹೇಗೆ? ರಾಸ್ ಅವರಿಗೆ ಎದುರಾದ ಆಕ್ಷೇಪಣೆ ಇಂಥದ್ದಲ್ಲ, ಅದರಿಂದ ಅವರ ಕೆಲಸಕ್ಕೆ ಏನೂ ದಕ್ಕಲಿಲ್ಲ. ಸಣ್ಣ ಗಮನಿಕೆಯೊಂದು ಬೆಳೆಯಬೇಕಾದರೆ ಸರಿಯಾದ ಪ್ರಶ್ನೆ ಕೇಳುವವರು ಹತ್ತಿರದಲ್ಲಿರಬೇಕು, ಪದವಿ ವಿದ್ಯಾರ್ಥಿಗಳಿಗೆ ಸಮಾವೇಶ ಒದಗಿಸಬೇಕಾದದ್ದು ಅದನ್ನೇ.

ಈ ದೃಷ್ಟಿ ಲೋಕದಲ್ಲಿ ಹೊಸದಲ್ಲ. ಅಮೆರಿಕದ ಎಂಐಟಿ 1969ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಶೋಧನೆಯ ಅವಕಾಶ ಕೊಡುವ ಯೋಜನೆ ಆರಂಭಿಸಿತು. ನಮ್ಮಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ 1979ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನೆಗೆ ನೆರವು ಕೊಡುತ್ತ ಬಂದಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ನ ಕಚೇರಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲೇ ಇದೆ. ಸಾಮಾನ್ಯ ಪದವಿ ಕಾಲೇಜುಗಳ ಮಕ್ಕಳ ಕಥೆ ಬೇರೆ. 2021–22ರಲ್ಲಿ ಕರ್ನಾಟಕ ನಾಲ್ಕು ವರ್ಷದ ಪದವಿಯನ್ನು ತಂದಾಗ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024ರ ಮೇ ತಿಂಗಳ ಸರ್ಕಾರಿ ಆದೇಶ 2024–25ರಿಂದ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ಇಳಿಸಿತು. ಬಡ ಮನೆಯ ಮಕ್ಕಳಿಗೆ ಒಂದು ವರ್ಷ ಬೇಗ ದುಡಿಮೆಗೆ ಸೇರುವ ದಾರಿ ಇದರಿಂದ ತೆರೆಯಿತು ಎಂಬ ಸಮರ್ಥನೆಯಲ್ಲಿ ಹುರುಳಿದೆ, ಅದನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಆದರೆ ಸಂಶೋಧನೆಗೆಂದೇ ಇದ್ದ ವರ್ಷ ಇಲ್ಲವಾದ ಮೇಲೆ ಕೆ.ಆರ್. ಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಓದುವ ಹುಡುಗ ಹುಡುಗಿಯರಿಗೆ ತಾನೇ ಒಂದು ಪ್ರಶ್ನೆ ಹಿಡಿದು ಕೊನೆಮುಟ್ಟಿಸುವ ಅನುಭವ ಸಿಗುವುದು ಕಿರು ಯೋಜನೆ ಮತ್ತು ಅದನ್ನು ಮಂಡಿಸುವ ಒಂದು ದಿನದ ಸಮಾವೇಶದಲ್ಲಿ ಮಾತ್ರ. ಆ ಒಂದು ದಿನದ ಸಿದ್ಧತೆಯನ್ನು ಸ್ಲೈಡಿನ ಬಣ್ಣಕ್ಕೆ ಕಳೆಯುವಷ್ಟು ಸಮಯ ಆ ಮಕ್ಕಳ ಬಳಿ ಉಳಿದಿಲ್ಲ.

ಈ ವಾದಕ್ಕೆ ಬರುವ ಅತಿ ಗಟ್ಟಿಯಾದ ಆಕ್ಷೇಪಣೆ ಭಾಷೆಯದು. ವಿಜ್ಞಾನದ ಭಾಷೆ ಇಂಗ್ಲಿಷ್. ತೀರ್ಪುಗಾರರೂ ಮುಂದೆ ಓದಲು ಹೋಗುವ ಸಂಸ್ಥೆಗಳೂ ನೋಡುವುದು ಇಂಗ್ಲಿಷನ್ನು. ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಮೊದಲೇ ಅದರ ಅಂಜಿಕೆ. ಇರುವ ಮೂರು ವಾರದಲ್ಲಿ ಕನ್ನಡದಲ್ಲಿ ಹೇಳಿಸುತ್ತ ಕೂತರೆ ಅವನನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದಂತಾಗದೇ? ಈ ಕಾಳಜಿ ಪ್ರಾಮಾಣಿಕವಾದದ್ದು, ಅದಕ್ಕೆ ಉತ್ತರವೂ ಪ್ರಾಮಾಣಿಕವಾಗಿರಬೇಕು. ವೇದಿಕೆಯ ಮೇಲೆ ಇಂಗ್ಲಿಷ್ ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಆಕ್ಸಿಜನ್, ಸ್ಯಾಂಪಲ್, ಹಿಮೋಗ್ಲೋಬಿನ್ ಎಂಬ ಪದಗಳನ್ನು ಹಾಗೇ ಇಟ್ಟುಕೊಂಡು ಮಾತಾಡಿದರೂ ಆಗುತ್ತದೆ, ಶಿವಾಜಿನಗರದಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಾರೆ. ಪದಗಳು ಎಂದೂ ತೊಡಕಾಗಿರಲಿಲ್ಲ. ತೊಡಕಿರುವುದು ಒಂದು ಸಂಗತಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ತೋರಿಸುವಲ್ಲಿ. ಆ ದಾರಿ ಮನಸ್ಸಿನಲ್ಲಿ ಸ್ಪಷ್ಟವಾದ ವಿದ್ಯಾರ್ಥಿ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ, ವ್ಯಾಕರಣ ಅಲ್ಲಲ್ಲಿ ಜಾರಿದರೂ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ಸ್ಪಷ್ಟವಾಗದವನಿಗೆ ಬಾಯಿಪಾಠದ ಇಂಗ್ಲಿಷ್ ಒಂದೇ ಆಸರೆ. ಪ್ರಶ್ನೆ ಆ ಪಾಠದಿಂದ ಸ್ವಲ್ಪ ಸರಿದರೂ ಆಸರೆ ತಪ್ಪುತ್ತದೆ. ಅಂಜಿಕೆಗೆ ಮದ್ದು ಬೇಕಿದ್ದರೂ ಇದೇ ಕ್ರಮ: ಮೊದಲು ತನ್ನ ಮಾತಿನಲ್ಲಿ ಐದು ಜನರ ಪ್ರಶ್ನೆಗೆ ಉತ್ತರಿಸಿ ಗೆದ್ದವನು ಆರನೆಯ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಹೆದರುವುದು ಕಡಿಮೆ.

ನಮ್ಮ ಶಾಲೆಗಳ ಅನುಭವ ಇದನ್ನು ಬೆಂಬಲಿಸುತ್ತದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನ ನೀರು, ಮಣ್ಣು, ಆಹಾರ, ಕಸದ ಬಗ್ಗೆ ತಾವೇ ಅಧ್ಯಯನ ಮಾಡಿ ಮಂಡಿಸುತ್ತಾರೆ. ಕರ್ನಾಟಕದಲ್ಲಿ ಇದನ್ನು ಬೆಳೆಸಿದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಕನ್ನಡದಲ್ಲೇ ಮಂಡಿಸಲು ಅಲ್ಲಿ ಅವಕಾಶವಿರುವುದರಿಂದ ಹಳ್ಳಿಯ ಶಾಲೆಯ ಹುಡುಗಿ ತನ್ನ ಓಣಿಯ ಕೊಳವೆಬಾವಿಯ ನೀರಿನ ಬಗ್ಗೆ ತೀರ್ಪುಗಾರರ ಪ್ರಶ್ನೆಗೆ ನಿಂತು ಉತ್ತರಿಸಬಲ್ಲಳು. ಅದೇ ಹುಡುಗಿ ಪದವಿಗೆ ಬಂದು ನಾಲ್ಕೈದು ವರ್ಷ ಹೆಚ್ಚು ಓದಿಕೊಂಡ ಮೇಲೆ ಪ್ರಶ್ನೆಗೆ ಬೆದರಿದರೆ ಕಾರಣವನ್ನು ಅವಳ ಬುದ್ಧಿಯಲ್ಲಿ ಹುಡುಕಬಾರದು. ಶಾಲೆಯಲ್ಲಿ ಬೆಳೆಸಿಕೊಂಡ ರೂಢಿಯೊಂದನ್ನು ಕಾಲೇಜು ನಡುವೆಯೇ ಕಡಿದುಹಾಕಿರುತ್ತದೆ. ಇದಕ್ಕಿಂತ ಬಹಳ ಹಿಂದೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಎರಡು ವರ್ಷ ಮಾತ್ರ ನಡೆದ ಪತ್ರಿಕೆ ಅದು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಅಧ್ಯಾಪಕರೇ ಅದೇ ವಿಜ್ಞಾನವನ್ನು ಹೊರಗಿನ ಓದುಗರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಎರಡೂ ಕೆಲಸ ಒಬ್ಬರಲ್ಲೇ ಕೂಡಿ ಬಾಳಬಲ್ಲವು ಎಂಬುದಕ್ಕೆ ಇಲ್ಲಿಯದೇ ನೂರು ವರ್ಷ ಹಳೆಯ ಸಾಕ್ಷಿ ಇದೆ.

ದಂಡಿನ ಭಾಗದ ಕಾಲೇಜುಗಳಲ್ಲಿ ಎಲ್ಲರ ಮನೆಮಾತು ಕನ್ನಡವಲ್ಲವಲ್ಲ ಎಂಬುದು ನಿಜ. ಟ್ಯಾನರಿ ರಸ್ತೆಯ ಹುಡುಗಿಗೆ ದಖನಿ, ಹಲಸೂರಿನ ಹುಡುಗನಿಗೆ ತಮಿಳು ಸಲೀಸು; ಈಶಾನ್ಯದಿಂದಲೋ ಕೇರಳದಿಂದಲೋ ಬಂದವರೂ ಅದೇ ಬೆಂಚಿನಲ್ಲಿದ್ದಾರೆ. ಹಾಗಿದ್ದರೆ ಅವರವರ ಮಾತಿನಲ್ಲೇ ಮೊದಲು ಹೇಳಿಕೊಳ್ಳಲಿ. ಮಾಹಿತಿ ಕನ್ನಡಿಗರಿಂದ ಬಂದಿದ್ದರೆ ಕನ್ನಡ ಬಲ್ಲ ಸಹಪಾಠಿಯನ್ನು ಜೊತೆಗಿಟ್ಟುಕೊಂಡು ಅವರಿಗೂ ಹೇಳಲಿ. ಇಂಥ ಬೆರಕೆ ಊರಿನಲ್ಲಿ ಓದುವುದು ಈ ವಿದ್ಯಾರ್ಥಿಗಳ ಭಾಗ್ಯ ಎಂದೇ ನನಗನಿಸುತ್ತದೆ, ಏಕೆಂದರೆ ಒಂದೇ ಸಂಗತಿಯನ್ನು ಎರಡು ಮೂರು ಬಗೆಯ ಕೇಳುಗರ ಮುಂದಿಡಲು ಅವರು ಒಂದು ರಸ್ತೆ ದಾಟಿದರೆ ಸಾಕು.

ಈಚಿನ ವರ್ಷಗಳಲ್ಲಿ ಈ ವಾದಕ್ಕೆ ಇನ್ನೊಂದು ಬಲ ಬಂದಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ನಾಲ್ಕು ಸಾಲು ಕೊಟ್ಟರೆ ನಿಮಿಷಗಳಲ್ಲಿ ನಿರರ್ಗಳ ಇಂಗ್ಲಿಷಿನ ಅಬ್‌ಸ್ಟ್ರಾಕ್ಟ್, ಸ್ಲೈಡು, ಮಾತಾಡಬೇಕಾದ ಪಠ್ಯ ಎಲ್ಲವೂ ಸಿಗುತ್ತವೆ. ಅದನ್ನು ಬಳಸಬಾರದೆಂದು ತಡೆಯುವುದು ಕಷ್ಟ. ಇಂಗ್ಲಿಷ್ ದುರ್ಬಲವಿರುವ ವಿದ್ಯಾರ್ಥಿಗೆ ಅದು ಎಷ್ಟೋ ವರ್ಷಗಳ ಅಸಮಾನತೆಯನ್ನು ಸ್ವಲ್ಪ ಸರಿದೂಗಿಸುತ್ತದೆ ಎಂಬುದನ್ನೂ ಒಪ್ಪಬೇಕು. ಆದರೆ ಅದರ ಫಲವಾಗಿ ಸೊಗಸಾದ ಸ್ಲೈಡು, ತಪ್ಪಿಲ್ಲದ ವಾಕ್ಯ ಇವು ವಿದ್ಯಾರ್ಥಿಯ ತಿಳಿವಳಿಕೆಗೆ ಸಾಕ್ಷಿಯಾಗಿ ಉಳಿದಿಲ್ಲ. ಎಲ್ಲರ ಸ್ಲೈಡೂ ಒಂದೇ ಹದಕ್ಕೆ ಬಂದ ಸಭೆಯಲ್ಲಿ, ಕೆಲಸ ಮಾಡಿದವನನ್ನೂ ಮಾಡಿಸಿಕೊಂಡವನನ್ನೂ ಬೇರೆ ಮಾಡಿ ತೋರಿಸುವುದು ಎದುರೆದುರು ನಡೆಯುವ ಪ್ರಶ್ನೋತ್ತರ ಮಾತ್ರ. ನೀರು ಎಷ್ಟು ಹೊತ್ತಿಗೆ ತೆಗೆದೆ ಎಂದು ಕೇಳಿದರೆ ಕೆರೆಗೆ ಹೋದವನು ಒಂದು ಕ್ಷಣ ಯೋಚಿಸಿ ಹೇಳುತ್ತಾನೆ, ಯಾಕೆ ಆ ಹೊತ್ತು ಎಂಬುದನ್ನೂ ಹೇಳುತ್ತಾನೆ.

ಗೊತ್ತಿಲ್ಲದ್ದನ್ನು ವೇದಿಕೆಯ ಮೇಲೆ ಹೇಳುವುದು ಸೋತಂತೆ ಎಂಬ ಭಯ ವಿದ್ಯಾರ್ಥಿಗಳಲ್ಲಿ ಆಳವಾಗಿದೆ. ಗೈಡ್‌ಗಳಲ್ಲೂ ಕೆಲವರು ಮಿತಿಗಳ ಸ್ಲೈಡನ್ನು ಕೊನೆಗೆ ತಳ್ಳಿ ಬೇಗ ಮುಗಿಸು ಎನ್ನುತ್ತಾರೆ. ಬೆಂಗಳೂರು ಕಂಡ ಅತಿ ದೊಡ್ಡ ವಿಜ್ಞಾನ ಭಾಷಣವನ್ನು ಇಲ್ಲಿ ನೆನೆಯಬೇಕು. ಸಿ.ವಿ. ರಾಮನ್ 1906ರಲ್ಲಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತಮ್ಮ ಮೊದಲ ಪ್ರಬಂಧವನ್ನು 'ಫಿಲಾಸಫಿಕಲ್ ಮ್ಯಾಗಝೀನ್'ನಲ್ಲಿ ಪ್ರಕಟಿಸಿದ್ದರು. ಆಗ ಅವರಿಗೆ ಹದಿನೆಂಟು. ಅದೇ ರಾಮನ್ 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡದ್ದನ್ನು ಮೂರು ವಾರವೂ ತುಂಬುವ ಮೊದಲೇ, ಮಾರ್ಚ್ 16ರಂದು, ಬೆಂಗಳೂರಿನಲ್ಲಿ ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯ ಮುಂದೆ ಸವಿಸ್ತಾರವಾಗಿ ಹೇಳಿದರು. ನೊಬೆಲ್ ತಂದುಕೊಟ್ಟ ಆ ಸಂಶೋಧನೆಯ ಭಾಷಣದಲ್ಲಿ ಅವರು ಸೂರ್ಯನ ಬೆಳಕು, ಬಣ್ಣದ ಸೋಸುಗಾಜು, ಬರಿಗಣ್ಣಿಗೆ ಕಂಡದ್ದು ಇವುಗಳಿಂದಲೇ ಕೇಳುಗರನ್ನು ಕರೆದೊಯ್ದರು. ಇನ್ನೂ ಇತ್ಯರ್ಥವಾಗದ ಪ್ರಶ್ನೆಗಳನ್ನು ಬಚ್ಚಿಡದೆ ಮುಂದಿಟ್ಟು, ಮಾಡಬೇಕಾದ್ದು ಬಹಳ ಉಳಿದಿದೆ ಎಂದು ಹೇಳಿದರು. ನಾಲ್ಕು ಬೆಳಗಿನ ನೀರು ತೆಗೆಯಲಾಗದ ಪದವಿ ವಿದ್ಯಾರ್ಥಿ ಅದನ್ನು ಹೇಳಿಕೊಳ್ಳಲು ನಾಚಬೇಕಿಲ್ಲ.

ಕೊನೆಯ ಆಕ್ಷೇಪಣೆ ನಿರಾಶೆಯದು. ಇಂಥ ಸಮಾವೇಶಗಳು ಬಹಳ ಕಡೆ ಪ್ರಮಾಣಪತ್ರ ಹಂಚುವ ಕಾರ್ಯಕ್ರಮವಾಗಿವೆ. ಕಾಲೇಜಿಗೆ ನ್ಯಾಕ್ ಮೌಲ್ಯಮಾಪನದ ಕಡತದಲ್ಲಿ ಒಂದು ಸಾಲು, ವಿದ್ಯಾರ್ಥಿಗೆ ಬಯೊಡೇಟಾದಲ್ಲಿ ಒಂದು ಸಾಲು. ಎಂಬತ್ತು ಮಂಡನೆಗಳನ್ನು ಒಂದೇ ದಿನ ಮುಗಿಸುವ ಆತುರದಲ್ಲಿ ಪ್ರಶ್ನೆಗೆ ಸಮಯವೆಲ್ಲಿ ಎನ್ನುತ್ತಾರೆ. ರೋಗ ನಿಜ, ಆದರೆ ಅದು ಬೇರೂರಿದ್ದು ಪ್ರಶ್ನೆಯನ್ನು ಕೈಬಿಟ್ಟದ್ದರಿಂದಲೇ. ಅದನ್ನು ತಿರುಗಿಸಲು ಸಂಘಟಕರಿಗೆ ದೊಡ್ಡ ಖರ್ಚೇನೂ ಬೇಡ. ಮಂಡನೆಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಉಳಿದವನ್ನು ಪೋಸ್ಟರಿಗೆ ಕಳಿಸಬಹುದು. ಪೋಸ್ಟರಿನ ಮುಂದೆ ನಿಂತವರ ಬಳಿ ಜನ ಒಬ್ಬೊಬ್ಬರಾಗಿ ಬಂದು ಕೇಳುವುದರಿಂದ ಅದು ಸ್ವಭಾವದಿಂದಲೇ ಪ್ರಶ್ನೆಯ ಜಾಗ. ಐದು ನಿಮಿಷ ಮಾತು, ಐದು ನಿಮಿಷ ಪ್ರಶ್ನೆ ಎಂದು ಗಡಿಯಾರ ಹಂಚಬಹುದು. ಅಂಕಪಟ್ಟಿಯಿಂದ ಉಚ್ಚಾರದ ಕಲಂ ತೆಗೆದು ಆ ಅಂಕಗಳನ್ನು ಉತ್ತರಗಳಿಗೆ ಕೊಡಬಹುದು. ಕನ್ನಡದಲ್ಲೋ ಉರ್ದುವಿನಲ್ಲೋ ಉತ್ತರಿಸುತ್ತೇನೆ ಎಂದ ವಿದ್ಯಾರ್ಥಿಗೆ ಅವಕಾಶ ಕೊಡಬಹುದು; ಶಿವಾಜಿನಗರದ ಸಭೆಯಲ್ಲಿ ಅದು ಅರ್ಥವಾಗದ ತೀರ್ಪುಗಾರರು ಒಬ್ಬರಿದ್ದರೆ ಅರ್ಥವಾಗುವವರು ಮೂವರಿರುತ್ತಾರೆ.

ಗೈಡ್ ಆದವರು ಮಾಡಬಹುದಾದದ್ದು ಇನ್ನೂ ಸರಳ. ಸಮಾವೇಶಕ್ಕೆ ಮೂರು ವಾರ ಇರುವಾಗಲೇ ಲ್ಯಾಪ್‌ಟಾಪ್ ಮುಚ್ಚಿಸಿ, ಐದು ನಿಮಿಷದಲ್ಲಿ ಬಾಯಿಮಾತಲ್ಲಿ ಹೇಳು ಎನ್ನುವುದು. ಆ ದಿನ ಕೋಣೆಯಲ್ಲಿ ಪ್ರಯೋಗಾಲಯದ ಸಹಾಯಕರನ್ನು, ವಾರ್ಡಿನ ದಾದಿಯನ್ನು, ಬೇರೆ ವಿಭಾಗದ ಇಬ್ಬರು ಹುಡುಗರನ್ನು ಕೂರಿಸಿಕೊಳ್ಳುವುದು. ಅವರು ಕೇಳಿದ ಪ್ರತಿ ಪ್ರಶ್ನೆಯನ್ನೂ ವಿದ್ಯಾರ್ಥಿಯಿಂದಲೇ ಬರೆಸುವುದು. ಹತ್ತರಲ್ಲಿ ಮೂರು ಪ್ರಶ್ನೆ ಅಪ್ರಸ್ತುತವಾಗಿರುತ್ತವೆ. ಐದಕ್ಕೆ ಉತ್ತರ ಕಡತದಲ್ಲೇ ಇರುತ್ತದೆ, ಹುಡುಕಿರಲಿಲ್ಲ ಅಷ್ಟೆ. ಉಳಿದ ಎರಡಕ್ಕೆ ಉತ್ತರವಿರುವುದಿಲ್ಲ, ಸ್ಲೈಡುಗಳ ಕೆಲಸ ಶುರುವಾಗಬೇಕಾದದ್ದು ಆ ಎರಡರಿಂದ. ಸಮಾವೇಶ ಮುಗಿದ ವಾರ ಅದೇ ಪೋಸ್ಟರನ್ನು ಕನ್ನಡ, ಉರ್ದು, ತಮಿಳಿನಲ್ಲಿ ಒಂದು ಹಾಳೆಗಿಳಿಸಿ ಓಪಿಡಿಯ ಗೋಡೆಗೆ ಅಂಟಿಸಲು ಆಸ್ಪತ್ರೆಯ ಅನುಮತಿ ಕೇಳಬಹುದು. ಉತ್ತರ ಕೊಟ್ಟವರಿಗೆ ತಾವು ಕೊಟ್ಟ ಉತ್ತರ ಏನಾಯಿತೆಂದು ತಿಳಿಯುವ ಹಕ್ಕಿದೆ, ಮತ್ತು ಮುಂದಿನ ವರ್ಷ ಅದೇ ಪ್ರಶ್ನೆ ಹಿಡಿದು ಬರುವ ಕಿರಿಯ ವಿದ್ಯಾರ್ಥಿಗೆ ಆ ಸಾಲಿನಲ್ಲಿ ನಿಂತವರೇ "ಹೋದ ಸಲ ಮಾತ್ರೆ ಎಣಿಸಿರಲಿಲ್ಲ, ಈ ಸಲ ಎಣಿಸಿ" ಎನ್ನಬಲ್ಲರು.